ನಿದ್ದೆಗೆ ಕನಸು ಸೇರಿಸಿದ ಅಕ್ಕ

ಮೊದಲೇ ಹೇಳಿಬಿಡುತ್ತೇನೆ, ಅಳಿಸಿದವನು ನಾನು. ಹಾರ್ಡ್ ಡಿಸ್ಕ್ ಕೆಟ್ಟಿತ್ತು, ವೈರಸ್ ಬಂದಿತ್ತು, ಕರೆಂಟು ಹೋಗಿ ಬಂದು ಎಲ್ಲ ಹಾಳಾಯಿತು ಎಂದು ನಮ್ಮ ಕಂಪ್ಯೂಟರ್ ಸೆಂಟರಿನಲ್ಲಿ ಹಬ್ಬಿರುವ ಸುದ್ದಿ ಸುಳ್ಳು. ಆ ಸುದ್ದಿಯನ್ನು ಹಬ್ಬಿಸಿದವನೂ ನಾನೇ. ಒಂದು ಬೆಳಿಗ್ಗೆ ಎಂಟೂಕಾಲಿಗೆ, ಇನ್ನೂ ಕಸ ಗುಡಿಸದ ಲ್ಯಾಬಿಗೆ, ಚಪ್ಪಲಿ ಹೊರಗೆ ಬಿಟ್ಟು ಭಕ್ತಿಯಿಂದ ಒಳಗೆ ಹೋಗಿ, ಮೂರಕ್ಷರದ ಒಂದು ಆಜ್ಞೆ ಟೈಪು ಮಾಡಿ, ಒಬ್ಬ ಮನುಷ್ಯನ ದನಿಯನ್ನು ಲೋಕದಿಂದ ತೆಗೆದುಹಾಕಿದೆ. ಆ ದನಿಯನ್ನು ಮಾಡಿದವನೂ ನಾನೇ ಎಂಬುದು ನನ್ನ ಸಮರ್ಥನೆಯಾಗಿತ್ತು. ಈಗ ಅದೇ ನನ್ನ ತಪ್ಪಿನ ತೂಕ ಹೆಚ್ಚಿಸಿದೆ.

ಹೋದ ತಿಂಗಳು ಅಕ್ಕ, ಎಂದರೆ ಸೆಂಟರಿನಲ್ಲಿ ಪಾಠ ಮಾಡುತ್ತಿದ್ದ ಮೇಡಂ, ಸೇಲಂನ ನಮ್ಮ ಸೆಂಟರು ಬಿಟ್ಟು ಮಾರಂಡಹಳ್ಳಿಯ ಒಂದು ಶಾಲೆಗೆ ಟೀಚರಾಗಿ ಹೋದಳು. ಬೀಳ್ಕೊಡುಗೆಯ ದಿನ ಬೋಂಡಾ, ಮಿಕ್ಸ್ಚರು ಹಂಚಿಯಾದ ಮೇಲೆ ಎಲ್ಲರೂ ನನ್ನ ಕಡೆ ತಿರುಗಿ, "ಡೇಯ್, ಮೇಡಂ ಮಾದಿರಿ ಪೇಸಿ ಕಾಟ್ಟುಡಾ" ಎಂದರು. ಮೇಡಂ ಥರ ಮಾತಾಡಿ ತೋರಿಸು ಅಂತ. ಮಿಮಿಕ್ರಿ ನನ್ನ ಕುಲಕಸುಬಲ್ಲ, ಕುಲಕ್ಕೆ ತಂದ ಕಳಂಕ. ನಮ್ಮಪ್ಪನ ಅಭಿಪ್ರಾಯ ಅದು. ಆದರೂ ಎದ್ದು ನಿಂತೆ. ಓನರ್ ಫೋನಿನಲ್ಲಿ ಹೆಂಡತಿಗೊಂದು, ಗಿರಾಕಿಗೊಂದು ಎಂದು ಎರಡು ದನಿಯಲ್ಲಿ ಮಾತಾಡುವುದನ್ನು ಮಾಡಿದೆ. ಧರ್ಮಪುರಿ ಬಸ್ಸಿನ ಕಂಡಕ್ಟರನ್ನು ಮಾಡಿದೆ. ಹುಡುಗಿಯರು ಎದುರಿಗಿದ್ದಾಗ ಇದ್ದಕ್ಕಿದ್ದಂತೆ ಇಂಗ್ಲಿಷು ಬರುವ ಒಬ್ಬ ಲ್ಯಾಬ್ ಅಸಿಸ್ಟೆಂಟನ್ನು ಮಾಡಿದೆ. ಅದು ನಾನೇ ಎಂದು ಎಲ್ಲರಿಗೂ ಗೊತ್ತಾಗಿ ಬಿದ್ದು ಬಿದ್ದು ನಕ್ಕರು. ಅಕ್ಕನ ಸರದಿ ಬಂದಾಗ ಗಂಟಲು ಸರಿಯಿಲ್ಲವೆಂದು ಕೂತೆ. ಅಕ್ಕ ನನ್ನ ಕಡೆ ನೋಡಲಿಲ್ಲ, ಬೋಂಡಾದ ಎಣ್ಣೆಯನ್ನು ಕಾಗದಕ್ಕೆ ಒತ್ತುತ್ತಿದ್ದಳು. ಅವತ್ತು ಬಾಯಲ್ಲಿ ಮಾಡಲಾಗದ್ದನ್ನು ಈಗ ಬರೆದು ಮಾಡಲು ನೋಡುತ್ತಿದ್ದೇನೆ.

ಅಕ್ಕ ಎಂದು ಏಕವಚನದಲ್ಲೇ ಬರೆಯುತ್ತೇನೆ. ಬಹುವಚನ ಹಾಕಿದರೆ ಅವಳಿಗೆ ಆಗುತ್ತಿರಲಿಲ್ಲ. "ನಾನೇನು ಇಬ್ರಾ?" ಎನ್ನುತ್ತಿದ್ದಳು.

ನಾನು ಸೆಂಟರಿಗೆ ಸೇರಿದ ಮೊದಲ ವಾರದಲ್ಲೇ ಅವಳ ಕೈಗೆ ಸಿಕ್ಕಿಬಿದ್ದೆ. ಅವಳು ಪಾಠ ಮಾಡುವಾಗ ಬೋರ್ಡಿನ ಮೇಲೆ ಸೆಮಿಕೋಲನ್ ಹಾಕುವುದೇ ಒಂದು ನೋಟ. ಮೊದಲು ಚುಕ್ಕೆ ಇಡುವಳು, ಒಂದು ಹೆಜ್ಜೆ ಹಿಂದೆ ಸರಿದು ನೋಡುವಳು, ಆಮೇಲೆ ಹಣೆಗೆ ಕುಂಕುಮ ಇಡುವ ಹಾಗೆ ಕೆಳಗಿನ ಬಾಲ ಎಳೆಯುವಳು. ಅದನ್ನು ನಾನು ಮೆಟ್ಟಿಲ ಮೇಲೆ ನಾಲ್ಕು ಜನರಿಗೆ ಮಾಡಿ ತೋರಿಸುತ್ತಿದ್ದೆ. ನಗುತ್ತಿದ್ದವರು ಒಮ್ಮೆಲೇ ನಿಂತರು. ಹಿಂದೆ ಅಕ್ಕ. ನನ್ನ ಮುಖವನ್ನು ಒಂದು ಗಳಿಗೆ ನೋಡಿ ಕನ್ನಡದಲ್ಲಿ, "ತಲೆ ಅಲ್ಲಾಡ್ಸೋದು ಸರಿಯಾಗೈತೆ. ಕೈ ಇನ್ನೊಸಿ ಕೆಳಗಿರ್ಲಿ" ಎಂದು ಹೇಳಿ ಮೆಟ್ಟಿಲಿಳಿದು ಹೋದಳು. ನಾನು ಕನ್ನಡದವನೆಂದು ಅವಳಿಗೆ ಹೇಗೆ ಗೊತ್ತಾಯಿತೋ. ಕೇಳಿದ್ದಕ್ಕೆ, "ನೀನು ತಮಿಳಲ್ಲಿ ಸುಳ್ಳೇಳ್ತೀಯ, ಕನ್ನಡದಲ್ಲಿ ಎಣಿಸ್ತೀಯ" ಎಂದಳು. ಅವತ್ತಿನಿಂದ ನಾನು ಅವಳಿಗೆ ಕೋಡಂಗಿ.

ನಮ್ಮದು ಸೇಲಂ ಪೇಟೆಯ ಕನ್ನಡದ ಮನೆ. ಅಪ್ಪ ಆಫೀಸು, ಅಮ್ಮ ಹಳೆಯ ಪಂಚಾಂಗ ಮುಂದಿಟ್ಟುಕೊಂಡು ನನಗೆ ಅಕ್ಷರ ಕಲಿಸಿದವಳು. ಅಕ್ಕ ಪೆನ್ನಾಗರಂ ಆಚೆಯ ಕಾಡಂಚಿನ ಹಳ್ಳಿಯವಳು. ಕನ್ನಡ ಬಾಯಲ್ಲಿ ಮಾತ್ರ. ಬರೆಯಬೇಕಾದರೆ ತಮಿಳಕ್ಷರದಲ್ಲೋ ಇಂಗ್ಲಿಷಕ್ಷರದಲ್ಲೋ ಬರೆದುಕೊಳ್ಳುವಳು. ಅವಳ ಅಪ್ಪ ದನಗಾಹಿ. ಬೇಸಗೆಯಲ್ಲಿ ದನಗಳನ್ನು ಹೊಡೆದುಕೊಂಡು ಕಾಡಿನೊಳಗೆ ಹೋಗಿ, ಮುಳ್ಳುಬೇಲಿಯ ದೊಡ್ಡಿ ಕಟ್ಟಿ, ಮಳೆ ಬೀಳುವವರೆಗೆ ಅಲ್ಲೇ ಇರುವುದು ಅವರ ಕಡೆಯ ಬದುಕು. ಆ ದೊಡ್ಡಿಗೆ ಪಟ್ಟಿ ಎನ್ನುತ್ತಾರೆ. ಶಾಲೆಗೆ ರಜೆ ಬಂದರೆ ಅಕ್ಕನೂ ಪಟ್ಟಿಗೆ ಹೋಗುತ್ತಿದ್ದಳು. ಗಣಿತದಲ್ಲಿ ಡಿಗ್ರಿ ಮಾಡಿ, ಸಿ ಭಾಷೆ ಕಲಿಸುವ ಮೇಡಂ ಆದ ಮೇಲೂ ಎಸಿ ರೂಮಿನ ಬಾಗಿಲನ್ನು ದೊಡ್ಡಿಯ ಬಾಗಿಲಿನಂತೆ ಎರಡು ಸಲ ಎಳೆದು ನೋಡುವಳು. ಸಂಜೆ ಮಾನಿಟರುಗಳಿಗೆ ಬಟ್ಟೆ ಹೊದಿಸುವಾಗ ಒಂದೊಂದನ್ನೂ ತಟ್ಟುವಳು. ಹನ್ನೊಂದು ಗಂಟೆಗೆ ಡಬ್ಬಿಯಿಂದ ತಣ್ಣನೆಯ ರಾಗಿಮುದ್ದೆ ತೆಗೆದು, ನುಂಗುವ ಮೊದಲು ನಮ್ಮ ಕಡೆ ನೋಡಿ, "ಮನುಷ್ಯ ಸಾಯೋದು ಹಸಿವಿಗಲ್ಲ ಕಣ್ರೋ, ಅಸಡ್ಡೆಗೆ" ಎನ್ನುವಳು.

ಮಧ್ಯಾಹ್ನ ಒಂದರಿಂದ ಮೂರು ಲ್ಯಾಬು ಖಾಲಿ. ಓನರ್ ಮನೆಗೆ ಹೋಗಿ ಮಲಗುತ್ತಿದ್ದರು. ಆ ಎರಡು ಗಂಟೆಯಲ್ಲಿ ಅಕ್ಕ ಒಂದು ಆಟ ಬರೆಯುತ್ತಿದ್ದಳು. ಅದರ ಹೆಸರೂ ಪಟ್ಟಿ ಎಂದೇ. ಪರದೆಯ ಮೇಲೆ ಹಸಿರು ಚುಕ್ಕೆಗಳು ಮರ, ಬಿಳಿ ಚುಕ್ಕೆಗಳು ದನ, ನಡುವೆ ಒಂದು ಕೆಂಪು ಚುಕ್ಕೆ ನೀನು. ನಿನ್ನ ಹತ್ತಿರ ಒಂದಿಷ್ಟು ರಾಗಿಹಿಟ್ಟು, ಉಪ್ಪು, ಒಂದು ಕೊಡ ನೀರು, ಸೌದೆ, ಹನ್ನೊಂದು ದನ. ನಲವತ್ತು ದಿನ ಕಾಡಿನಲ್ಲಿ ಬದುಕಿದರೆ ಮಳೆ ಬರುತ್ತದೆ, ಗೆದ್ದೆ. ಅಷ್ಟೇ. ಹುಡುಗರು, "ಗನ್ ಎಂಗೇ ಮೇಡಂ?" ಎಂದು, ಗನ್ ಎಲ್ಲಿ ಅಂತ, ಕೇಳಿದರೆ, "ಗನ್ನಿದ್ರೆ ಅವನ್ಯಾಕೆ ದನ ಮೇಯಿಸ್ತಾನೆ?" ಎನ್ನುವಳು. ಬೇರೆ ಆಟಗಳಲ್ಲಿ ಸತ್ತರೆ ಆಟ ಮುಗಿಯಿತು ಎಂದು ಕೆಂಪಕ್ಷರ ಬರುತ್ತದೆ. ಇವಳ ಆಟದಲ್ಲಿ ಕೆಂಪು ಚುಕ್ಕೆ ಆರಿಹೋಗಿ, ಬಿಳಿ ಚುಕ್ಕೆಗಳೆಲ್ಲ ಒಂದರ ಹಿಂದೊಂದು ಪರದೆಯ ಅಂಚಿಗೆ ನಡೆಯುತ್ತಿದ್ದವು. ಕೆಳಗೆ ಇಂಗ್ಲಿಷಕ್ಷರದಲ್ಲಿ ಕನ್ನಡ: ದನ ಮನೆಗೆ ಹೋದವು. ನನಗೆ ಅರ್ಥವಾಗಿರಲಿಲ್ಲ. "ಕಾಯೋನು ಓದ್ಮೇಲೆ ಅವು ಇನ್ನೆಲ್ಲಿಗ್ ಓಗ್ತವೆ? ದಾರಿ ಗೊತ್ತು, ಮನೆಗ್ ಬತ್ತವೆ. ಊರವ್ರಿಗೆ ಅಂಗೇ ತಿಳಿಯೋದು" ಎಂದಳು.

ಆಟದಲ್ಲಿ ನಿದ್ದೆ ಮಾಡಲು ಎಸ್ ಒತ್ತಬೇಕು. ಒತ್ತಿದರೆ ಪರದೆ ಕಪ್ಪಾಗಿ, ಎರಡು ಕ್ಷಣ ಬಿಟ್ಟು ಬೆಳಗಾಗುತ್ತಿತ್ತು. ಮೊದಲ ಸಲ ಆಡಿದಾಗ ನಾನು, "ಅಕ್ಕಾ, ಇದು ನಿದ್ದೆಯಾ, ಪವರ್ ಕಟ್ಟಾ?" ಎಂದೆ. ಎಲ್ಲರೂ ನಕ್ಕರು. ಅಷ್ಟಕ್ಕೆ ಬಿಡುವವನೇ ನಾನು? ಕಣ್ಣು ಮುಚ್ಚಿ ತೆರೆದು, ಕುತ್ತಿಗೆ ನೆಟ್ಟಗೆ ಮಾಡಿ, ಎಂಟು ಗಂಟೆ ಮಲಗಿ ಎದ್ದ ಯಂತ್ರಮಾನವನಂತೆ ಲ್ಯಾಬೆಲ್ಲ ಓಡಾಡಿದೆ. ಅಕ್ಕ ನಗಲಿಲ್ಲ. ಮೂರು ದಿನ ಆಟದ ಸುದ್ದಿಯೇ ಎತ್ತಲಿಲ್ಲ. ನೋವಾಯಿತೇನೋ ಎಂದುಕೊಂಡೆ. ಸೋಮವಾರ ಬಂದವಳು ಪ್ರಿಂಟರಿನ ಉದ್ದನೆಯ ಕಾಗದದ ಹಿಂಬದಿಯಲ್ಲಿ ತಮಿಳಕ್ಷರದಲ್ಲಿ ಬರೆದ ಒಂದು ಯಾದಿಯನ್ನು ನನ್ನ ಮೇಜಿನ ಮೇಲೆ ಹರಡಿದಳು. ಕನಸುಗಳು.

"ನೀನೇಳಿದ್ದು ನಿಜ ಕಣೋ ಕೋಡಂಗಿ. ಕಾಡಲ್ಲಿ ನಿದ್ದೆ ಅಂದ್ರೆ ಸುಮ್ನೆ ಓಗಿ ಬರೋದಲ್ಲ. ಅರ್ಧ ಕಣ್ಣು ಬೆಂಕಿ ಮೇಲಿರ್ತದೆ, ಇನ್ನರ್ಧದಲ್ಲಿ ಕನಸು. ನಮ್ಮಪ್ಪ ಕನಸು ಕೇಳ್ಕೊಂಡೇ ದನ ಬಿಡೋದು."

ಅವರ ಕಡೆ ಒಂದು ಕಟ್ಟಳೆ. ಪಟ್ಟಿಯಲ್ಲಿ ಮಲಗಿದವನಿಗೆ ಕನಸು ಬಿದ್ದರೆ, ಎದ್ದವನು ಮನುಷ್ಯರ ಹತ್ತಿರ ಬಾಯಿ ಬಿಡುವ ಮೊದಲು ಗಂಟೆ ಕಟ್ಟಿದ ಹಸುವಿನ ಕಿವಿಯಲ್ಲಿ ಅದನ್ನು ಹೇಳಬೇಕು. ಹಸು ಕಿವಿ ಒದರಿದರೆ ಕನಸು ಕಳೆಯಿತು. ಒದರದಿದ್ದರೆ ಆ ದಿನ ದೂರ ಹೋಗಬಾರದು. ಇದನ್ನೆಲ್ಲ ಅವಳು ಆಟಕ್ಕೆ ಹಾಕಿದಳು. ಎದ್ದ ಕೂಡಲೇ ಹಸುವಿನ ಹತ್ತಿರ ಹೋಗದೆ ಸೌದೆಗೆ ಹೊರಟ ಹುಡುಗರು ಒಬ್ಬೊಬ್ಬರೇ ಕಾಡಿನಲ್ಲಿ ಕಾಣೆಯಾದರು.

ಕನಸು ಕೂಡಿಸಲು ಅಕ್ಕ ಸೆಂಟರಿನಲ್ಲಿ ಎಲ್ಲರನ್ನೂ ಕೇಳುತ್ತಿದ್ದಳು. ಅವಳು ಕೇಳುವ ರೀತಿಯಲ್ಲಿ ಏನೋ ಇತ್ತು. ರೇಷನ್ ಕಾರ್ಡಿನ ವಿವರ ಕೇಳಿದ ಹಾಗೆ, ಮುಖದಲ್ಲಿ ಒಂದು ಗೆರೆ ಅಲುಗಾಡಿಸದೆ. ಜನ ಹೇಳಿಬಿಡುತ್ತಿದ್ದರು. ಓನರ್ ಕೂಡ, ವೇಷ್ಟಿಯಿಲ್ಲದೆ ಬಜಾರಿನಲ್ಲಿ ನಡೆಯುವ ತಮ್ಮ ಕನಸನ್ನು ಹೇಳಿ ಆಮೇಲೆ ಎರಡು ದಿನ ಅವಳ ಕಣ್ಣು ತಪ್ಪಿಸಿ ಓಡಾಡಿದರು. ನನ್ನನ್ನು ಕೇಳಿದಾಗ ತಮಾಷೆಗೆ ಒಂದು ಕಟ್ಟಿ ಹೇಳಿದೆ. ಪೂರ್ತಿ ಕೇಳಿ, "ಇದು ಎದ್ದಿದ್ದಾಗ ಬಿದ್ದದ್ದು" ಎಂದು ಹೊಡೆದುಹಾಕಿದಳು.

ಅದೇ ಸಮಯಕ್ಕೆ ಸೆಂಟರಿಗೆ ಒಂದು ಸೌಂಡ್ ಕಾರ್ಡು, ಮೈಕು, ಎರಡು ಪುಟ್ಟ ಸ್ಪೀಕರು ಬಂದವು. ಬೋರ್ಡಿನ ಮೇಲೆ ಮಲ್ಟಿಮೀಡಿಯಾ ಎಂದು ಬರೆಸಲು ಓನರ್ ತರಿಸಿದ್ದು. ಅಕ್ಕನ ಕನಸುಗಳಿಗೆ ದನಿ ಬಂತು, ಎಂದರೆ ನಾನು ಬಂದೆ. ಆ ಆಟದಲ್ಲಿ ನಾನೊಬ್ಬನೇ ಹನ್ನೊಂದು ದನ, ಎರಡು ಆನೆ, ಗೂಬೆ, ಹೊಳೆ ಮತ್ತು ಒಂದು ಮದುವೆಯ ದಿಬ್ಬಣ. ಮದುವೆಯ ಕನಸಿಗೆ ಬಾಯಲ್ಲೇ ನಾದಸ್ವರ ಊದಿದ್ದೆ. ಪೇಟೆಯ ಹುಡುಗರು ಆ ಕನಸು ಬಂದರೆ ಖುಷಿಪಟ್ಟು ಬೆಳಿಗ್ಗೆ ಹಾಡುತ್ತಾ ನೀರಿಗೆ ಹೋಗುವರು, ಆನೆ ಬರುವುದು. "ಕನಸಲ್ಲಿ ಮದುವೆ ಆದ್ರೆ ಸಾವು ಅಂತ ನಿಮ್ಮಜ್ಜಿ ಏಳ್ಕೊಟ್ಟಿಲ್ವಾ?" ಎಂದು ಅಕ್ಕ ಕೇಳುವಳು. ಒಂದೊಂದು ದನಿಯನ್ನೂ ಅವಳು ನನ್ನಿಂದ ಏಳೆಂಟು ಸಲ ಮಾಡಿಸುತ್ತಿದ್ದಳು. "ಇದು ಸರ್ಕಸ್ಸಿನ ಆನೆ. ನಂಗೆ ಕಾಡಿಂದು ಬೇಕು."

ಈಗ ಅವಳ ಅಪ್ಪನ ವಿಷಯ. ತಿಂಗಳಿಗೊಮ್ಮೆ ಮಗಳನ್ನು ನೋಡಲು ಬರುತ್ತಿದ್ದ. ಬಸ್ಸಿನಲ್ಲಿ ಅದಿಯಮಾನ್‌ಕೋಟೆ ದಾಟುವವರೆಗೆ ನಿಂತೇ ಬರುತ್ತಿದ್ದನಂತೆ. ಕೂತರೆ ದಾರಿ ಕಾಣುವುದಿಲ್ಲ. ಕೋಲನ್ನು ಚಪ್ಪಲಿಗಳ ಪಕ್ಕ ನಿಲ್ಲಿಸಿ, ವಿಸಿಟರ್ಸ್ ಕುರ್ಚಿಯ ಮೇಲೆ ಕಾಲು ಮಡಿಸಿ ಕೂರುವನು. ಮೂವತ್ತು ದಾಟಿದ ಮಗಳನ್ನು ಪಾಪಾ ಎಂದು ಕರೆಯುವನು, ಅದೂ ಗುಡ್ಡದ ಆಚೆಗಿದ್ದಾಳೆ ಎಂಬಂತೆ. ಅವನ ಮಾತಿಗೊಂದು ವಿನ್ಯಾಸವಿತ್ತು: ಮೊದಲು ಎರಡು ಕೆಮ್ಮು, ಆಮೇಲೆ ಒರಟಾಗಿ ಕೆಳಗಿನಿಂದ ಹೊರಟು, ಕೊನೆಯ ಅಕ್ಷರಕ್ಕೆ ಬಂದಾಗ ಮೇಲೆ ಏರಿ ಗಾಳಿಯಲ್ಲಿ ನಿಲ್ಲುವುದು. ದೂರದ ದನಕ್ಕೆ ಕೇಳಲಿ ಎಂದು ಹಾಗೆ ರೂಢಿಯಾದದ್ದು. ಮೊದಲ ಸಲ ಎಸಿ ರೂಮಿಗೆ ಬಂದವನು ಕಂಪ್ಯೂಟರಿನ ಬೆನ್ನು ಮುಟ್ಟಿ ನೋಡಿ, "ಇಷ್ಟು ತಣ್ಣಗಿಟ್ರೂ ಕಾಯ್ತೈತಲ್ಲ, ಯಾವೊತ್ತು ನೀರು ಕುಡ್ಸಿದ್ರಿ ಇದ್ಕೆ?" ಎಂದ.

ಅಂಥ ದನಿ ಸಿಕ್ಕರೆ ನನ್ನಂಥವನು ಬಿಡುತ್ತಾನೆಯೇ? ಅವನೆದುರಿಗೇ ಮಾಡಿದೆ. ಕೆಮ್ಮು ಎರಡೂ ಸೇರಿಸಿ. ಲ್ಯಾಬಿನವರು ಉಸಿರು ಬಿಗಿಹಿಡಿದರು. ಅವನು ಕಣ್ಣು ಕಿರಿದು ಮಾಡಿ ಕೇಳಿ, ತೊಡೆ ತಟ್ಟಿ, "ನನ್ನೇ ಮೀರಿಸ್ತೀಯಲ್ಲೋ. ಒಂದ್ ಕೆಲಸ ಮಾಡು, ಊರಿಗೋಗಿ ನಮ್ಮನೆಯೋಳ್ನ ನನ್ ಪರವಾಗಿ ಬೈದು ಬಾ. ನಂಗೆ ಬೈದೂ ಬೈದೂ ಸಾಕಾಗೈತೆ" ಎಂದ. ಆಮೇಲೆ ಬಂದಾಗಲೆಲ್ಲ, "ಎಲ್ಲಿ, ನಾನು ಎಲ್ಲಿದ್ದೀನಿ?" ಎಂದು ನನ್ನನ್ನು ಕೇಳಿಕೊಂಡೇ ಮೆಟ್ಟಿಲು ಹತ್ತುತ್ತಿದ್ದ.

ಅವನು ಮುಂದಿನ ಸಲ ಬರುವಷ್ಟರಲ್ಲಿ ಒಂದು ಚೇಷ್ಟೆ ಮಾಡಿಡಬೇಕು ಎನಿಸಿತು. ಅಕ್ಕ ಊಟದ ಡಬ್ಬಿ ತೊಳೆಯಲು ಹೋದಾಗ ಮೈಕಿನ ಮುಂದೆ ಕೂತು ಅವನ ದನಿಯಲ್ಲಿ ಒಂದು ಕನಸು ಸೇರಿಸಿದೆ. ಎರಡು ಕೆಮ್ಮು. ಆಮೇಲೆ: "ಯಾರ್ಲಾ ಅದು ಮಲಗಿರೋದು? ನೀನ್ ಮಲಗ್ಬಿಟ್ರೆ ಬೆಂಕಿ ನೋಡ್ಕೊಳ್ಳೋಕೆ ನಿಮ್ ತಾತ ಬತ್ತಾನಾ? ದನ ಎದ್ದು ನಿಂತವೆ, ಇವನ್ಗಿನ್ನೂ ಕನಸು. ಏಳು. ಎದ್ದು ಆ ಟಿವಿ ಪೆಟ್ಟಿಗೆಗೂ ಒಂದೀಟು ನೀರು ಕುಡ್ಸು, ಕಾದೋಗೈತೆ." ಮೂವತ್ತು ನಿದ್ದೆಯಲ್ಲಿ ಒಮ್ಮೆ ಬರುವ ಹಾಗೆ ಇಟ್ಟೆ. ಅಕ್ಕನಿಗೆ ಹೇಳಲಿಲ್ಲ. ಅಪ್ಪ ಮಗಳು ಇಬ್ಬರೂ ಎದುರಿಗಿದ್ದಾಗ ಬರಬೇಕು, ಆಗ ಅವರ ಮುಖ ನೋಡಬೇಕು ಎಂಬುದು ನನ್ನ ಲೆಕ್ಕ.

ಆ ತಿಂಗಳು ಅವನು ಬರಲಿಲ್ಲ. ಒಂದು ಬೆಳಿಗ್ಗೆ ಸೆಂಟರಿಗೆ ಫೋನು ಬಂತು. ನಾನೇ ಎತ್ತಿದೆ. ಅಕ್ಕ ಪೆನ್ನಾಗರಂನ ಯಾವುದೋ ಅಂಗಡಿಯಿಂದ ಮಾತಾಡುತ್ತಿದ್ದಳು. ಹಿಂದಿನ ದಿನವೇ ಊರಿಗೆ ಕರೆಸಿದ್ದರಂತೆ.

"ಓನರ್‌ಗೆ ಏಳ್ಬಿಡು, ಇನ್ನಾಕೈದು ದಿನ ಬರಾಕಾಗಲ್ಲ."

"ಯಾಕಕ್ಕಾ?"

"ದನ ಮನೆಗ್ ಬಂದ್ವು ಕಣೋ."

ನಾನು ಆಟದ ಮಾತೆಂದುಕೊಂಡು ಬಾಯಿಗೆ ಬಂದ ಒಂದು ಜೋಕನ್ನು ಶುರು ಮಾಡಿಯೂ ಬಿಟ್ಟಿದ್ದೆ. ಅರ್ಧದಲ್ಲಿ ಹೊಳೆಯಿತು. ಪಟ್ಟಿಯಲ್ಲಿ ಮಲಗಿದವನು ಎದ್ದಿರಲಿಲ್ಲ. ದನಗಳು ತಾವೇ ಬೇಲಿ ತಳ್ಳಿಕೊಂಡು ಊರಿಗೆ ಬಂದು ಮನೆಯ ಮುಂದೆ ನಿಂತಿದ್ದವು.

ಕಾರ್ಯ ಕಳೆದ ಮೇಲೆ ಅಕ್ಕ ತಾಯಿಯನ್ನು ಸೇಲಂಗೆ ಕರೆದುಕೊಂಡು ಬಂದಳು. ಒಣಕಲು ಹೆಂಗಸು, ಕೈಯಲ್ಲಿ ಹಸಿರು ಹಚ್ಚೆ. ಮನೆಯಲ್ಲಿ ಒಬ್ಬಳೇ ಕೂರಲಾರದೆ ಮಧ್ಯಾಹ್ನ ಸೆಂಟರಿಗೆ ಬಂದು ಗಂಡ ಕೂರುತ್ತಿದ್ದ ಕುರ್ಚಿಯಲ್ಲೇ ಕೂರುತ್ತಿದ್ದಳು. ಅವಳಿಗೆ ನಿದ್ದೆಯಿರಲಿಲ್ಲ. ಅಕ್ಕ ನನಗೆ ಹೇಳಿದ್ದು ಇದು: ಸತ್ತವರು ಕನಸಿನಲ್ಲಿ ಬಂದು ಬೈದು ಹೋದರೆ ಅವರ ಕಡೆ ಅದು ಒಳ್ಳೆಯದು, ಹೋದವರು ನೆಮ್ಮದಿಯಾಗಿ ಹೋದರು ಎಂದರ್ಥ. ಬಾಯಿ ಬಿಡದೆ ನಿಂತರೆ ಹೊರಟಿಲ್ಲ, ಬಾಗಿಲಲ್ಲೇ ಇದ್ದಾರೆ. "ಅವ್ವನ್ ಕನಸಲ್ಲಿ ದಿನಾ ಬತ್ತಾನಂತೆ. ಬಂದು ಸುಮ್ನೆ ನಿಂತ್ಕತ್ತಾನಂತೆ. ಹುಟ್ಟಿದಾಗಿಂದ ಬಾಯ್ ಮುಚ್ದೋನಲ್ಲ ನಮ್ಮಪ್ಪ. ಏನಾಗೈತೋ, ಹಸಿದವ್ನೋ, ನೀರಡಿಸೈತೋ ಅಂತ ಅವ್ವ ಕುಂತಲ್ಲೇ ಕೊರಗ್ತಾಳೆ." ಅವನ ದನಿಯ ಆ ಫೈಲಿನ ನೆನಪು ಬಂತು. ನಾಳೆ ತೆಗೆದುಬಿಡೋಣ ಎಂದುಕೊಂಡೆ. ನಾಳೆ ಮರೆತೆ. ನನ್ನ ಬುದ್ಧಿಯೇ ಅಷ್ಟು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ತಾಯಿಯ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಅಕ್ಕ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಇದು ಪಟ್ಟಿ, ಇದು ನಮ್ಮ ಹಳ್ಳ, ಇವು ದನ ಎಂದು ತೋರಿಸಿದಳು. ಅವಳು ಬಿಳಿ ಚುಕ್ಕೆಗಳನ್ನು ಬೆರಳಿನಿಂದ ಎಣಿಸಿದಳು. ನಾನು ಹಿಂದೆ ನಿಂತಿದ್ದೆ. ಆಟದಲ್ಲಿ ಸಂಜೆಯಾಯಿತು. ಅಕ್ಕ ಎಸ್ ಒತ್ತಿದಳು. ಪರದೆ ಕಪ್ಪಾಯಿತು. ಎರಡು ಕೆಮ್ಮು ಕೇಳಿಸಿತು.

"ಯಾರ್ಲಾ ಅದು ಮಲಗಿರೋದು?" ಎಂದು ಶುರುವಾದದ್ದು, ನಿಮ್ ತಾತ, ದನ, ನೀರು ಎಲ್ಲ ಹೇಳಿ ಮುಗಿಸಿತು. ಆ ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸ್ಪೀಕರಿನ ಕಡೆ ಬಾಗಿ, ಪ್ರತಿ ದಿನ ಹೇಳುವ ಮಾತಿನಂತೆ, "ಎದ್ದೆ, ಎದ್ದೆ. ಅದ್ಯಾಕಂಗೆ ಕೂಗ್ತೀಯ" ಎಂದಳು. ಆಮೇಲೆ ಮಗಳ ಕಡೆ ತಿರುಗಿ, "ಬಾಯ್ ಬಿಟ್ಟ ಕಣೇ" ಎಂದಳು. ಅಷ್ಟು ಹೇಳಿ, ನನ್ನನ್ನೂ ಒಂದು ಸಲ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ಅವತ್ತು ನನಗೆ ತಿಳಿಯಲಿಲ್ಲ.

ಅಕ್ಕನಿಗೆ ಅದು ಯಾರ ಕೆಲಸವೆಂದು ಹೇಳಬೇಕಾಗಿರಲಿಲ್ಲ. ನನ್ನ ಕಡೆ ತಿರುಗದೆ, "ನಾಳೆ ನಿನ್ನತ್ರ ಮಾತಾಡ್ಬೇಕು" ಎಂದಳು. ತಾಯಿಯ ಕೈ ಹಿಡಿದು ಮೆಟ್ಟಿಲಿಳಿದಳು.

ನಾಳೆ ಎಂಬ ಆ ಮಾತು ನನಗೆ ಬೆತ್ತದಂತೆ ಕೇಳಿಸಿತು. ಸಂಜೆ ಮನೆಗೆ ಹೋಗಿ ಅಮ್ಮನನ್ನು, ಯಾರದೋ ವಿಷಯ ಎಂಬಂತೆ ಕೇಳಿದೆ: "ಅಮ್ಮ, ಸತ್ತವರ ಥರ ಮಾತಾಡಿ ತೋರಿಸಿದರೆ ಏನಾಗತ್ತೆ?" ಅಮ್ಮ ಹೂ ಕಟ್ಟುವುದನ್ನು ನಿಲ್ಲಿಸಿ, "ವರ್ಷ ತುಂಬೋ ತನಕ ಅವರ ಹೆಸರೇ ಜೋರಾಗಿ ಹೇಳಬಾರದು. ದನಿ ಮಾಡಿದವನ ನಾಲಿಗೆ ಬಿದ್ದುಹೋಗತ್ತೆ. ಯಾರು ಮಾಡಿದ್ದು?" ಎಂದಳು. ಗೆಳೆಯನೊಬ್ಬ ಎಂದೆ. "ಅವನ ಸಹವಾಸ ಬಿಡು" ಎಂದಳು. ಅವನ ಸಹವಾಸ ಬಿಡುವುದು ನನ್ನಿಂದ ಹುಟ್ಟಿದಾಗಿನಿಂದಲೂ ಆಗಿಲ್ಲ.

ಹೀಗಾಗಿ ಎಂಟೂಕಾಲು, ಕಸ ಗುಡಿಸದ ಲ್ಯಾಬು, ಮೂರಕ್ಷರ. ಅಷ್ಟಕ್ಕೆ ನಿಲ್ಲಿಸಿದ್ದರೂ ಸ್ವಲ್ಪ ಉಳಿಯುತ್ತಿತ್ತು. ಕನಸೊಂದು ಕಡಿಮೆಯಾದರೆ ಆಟ ಅಲ್ಲಿ ಬಂದು ನಿಂತುಬಿಡುತ್ತದೆಂದು, ಆ ಜಾಗಕ್ಕೆ ನರಿಯ ಊಳು ಹಾಕಲು ಕೂತೆ. ಗಾಬರಿಯಲ್ಲಿ ನರಿ ಸರಿಯಾಗಿ ಬರಲಿಲ್ಲ. ಮಾಡುವುದು, ಅಳಿಸುವುದು, ಮತ್ತೆ ಮಾಡುವುದು. ಐದನೆಯದು ಪರವಾಗಿಲ್ಲ ಎನಿಸಿತು.

ಮಧ್ಯಾಹ್ನ ತಾಯಿ ಮಗಳು ಬಂದರು. ತಾಯಿಯ ಮುಖ ಬೇರೆಯಾಗಿತ್ತು. ಹಿಂದಿನ ರಾತ್ರಿ ನಿದ್ದೆ ಬಂದಿತ್ತಂತೆ. ಕೈಯಲ್ಲಿ ಬುತ್ತಿ. ಬಾಳೆಲೆಯ ತುಂಡು ಬಿಚ್ಚಿ, ಬಿಸಿ ಮುದ್ದೆ, ಹುರುಳಿಕಾಳಿನ ಸಾರು, ಒಂದು ಈರುಳ್ಳಿ ಬಡಿಸಿ ಮಾನಿಟರಿನ ಮುಂದೆ ಇಟ್ಟಳು. ತಿಂಡಿ ತಿನ್ನಬಾರದು ಎಂದು ಇಂಗ್ಲಿಷಿನಲ್ಲಿ ಬರೆದ ಬೋರ್ಡಿನ ಕೆಳಗೆ. ಆ ದಿನ ಮನೆಗೆ ಹೋಗದೆ ಉಳಿದಿದ್ದ ಓನರ್ ಬಾಗಿಲಲ್ಲಿ ನಿಂತು ನೋಡಿ ಹಿಂದಕ್ಕೆ ಹೋದರು.

ಅಕ್ಕ ಆಡಲು ಕೂತಳು. ಬೇಗ ಬೇಗ ಎಸ್ ಒತ್ತುತ್ತಿದ್ದಳು. ಹೊಳೆ ಬಂತು. ಗೂಬೆ ಬಂತು. ಓನರರ ವೇಷ್ಟಿ ಬಂತು. ಮದುವೆ ಎರಡು ಸಲ ಬಂತು. ಆಟದ ನಲವತ್ತು ದಿನವೂ ಮುಗಿದು ಮಳೆ ಸುರಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು. ಪ್ರತಿ ಸಲ ಪರದೆ ಕಪ್ಪಾದಾಗ ಆ ತಾಯಿ ಸೆರಗು ಎಳೆದುಕೊಂಡು ಬಾಗುತ್ತಿದ್ದಳು. ಕೊನೆಗೆ ನರಿ ಊಳಿಟ್ಟಿತು. ಅಕ್ಕನ ಕೈ ಕೀಬೋರ್ಡಿನ ಮೇಲೆ ನಿಂತಿತು. ತನ್ನ ಆಟದಲ್ಲಿ ನರಿಯಿಲ್ಲವೆಂದು ಅವಳಿಗೆ ಗೊತ್ತು. ಆಗ ಹೇಳಬಹುದಿತ್ತು. ನಾನು ಸ್ಪೀಕರಿನ ವೈರು ಸರಿಮಾಡುವವನಂತೆ ಬಗ್ಗಿದೆ.

"ಇವತ್ತು ಬರಾಕಿಲ್ಲ ಅನ್ಸ್ತದೆ, ಬಿಡು ಪಾಪಾ" ಎಂದಳು ತಾಯಿ. "ದನ ಬಿಡೋ ಒತ್ತು. ಕೆಲಸ ಇರ್ತದೆ." ಎಲೆಯನ್ನು ಎತ್ತಿ, ಸುತ್ತ ನೋಡಿ, ನನ್ನ ಕೈಗೆ ಕೊಟ್ಟಳು. "ನೀನ್ ತಿನ್ನು ಸಾಮಿ. ಆರೋಗ್ತದೆ."

ನಾನು ತಿಂದೆ. ಅವಳು ಎದುರಿಗೆ ಕೂತು, ಮುಗಿಯುವವರೆಗೆ ನೋಡಿದಳು. ಅದನ್ನು ತಿನ್ನದೆ ಇರಲು ಎಷ್ಟು ಧೈರ್ಯ ಬೇಕಿತ್ತೋ ಅಷ್ಟು ನನ್ನಲ್ಲಿರಲಿಲ್ಲ. ಮರುದಿನವೇ ಅವಳು ಊರಿಗೆ ಹೊರಟಳು.

ತಾಯಿಯನ್ನು ಬಸ್ಸು ಹತ್ತಿಸಿ ಬಂದ ಅಕ್ಕ ನೇರ ಕಂಪ್ಯೂಟರಿನ ಮುಂದೆ ಕೂತಳು. ನಾನು ಬಾಯಿ ಬಿಟ್ಟು ಒಂದು ವೈರಸ್ಸಿನ ಕತೆ ಶುರು ಮಾಡಿದೆ. ಆ ವೈರಸ್ಸಿಗೆ ನಾನು ಹೆಸರನ್ನೂ ಕೊಟ್ಟಿದ್ದೆ. ಅಳಿಸಿದ ಫೈಲನ್ನು ಮರಳಿ ತರುವ ಆಜ್ಞೆಯನ್ನು ಅವಳು ಕೊಟ್ಟಳು. ಅಳಿಸಿದ ಫೈಲಿನ ಮೊದಲಕ್ಷರ ಹೊರಟುಹೋಗಿರುತ್ತದೆ, ಅದೇನೆಂದು ಯಂತ್ರ ಕೇಳುತ್ತದೆ. ಉಳಿದ ಅಕ್ಷರಗಳನ್ನು ನೋಡಿ ಅಕ್ಕ ಮೊದಲಿಗೆ ಎ ಒತ್ತಿದಳು. ನಾನು ಅದಕ್ಕೆ ಇಟ್ಟಿದ್ದ ಹೆಸರು ಅಪ್ಪ ಎಂದೇ. ಫೈಲು ಬಂತು. ತೆರೆದಳು. ಎರಡು ಕೆಮ್ಮು ಕೇಳಿತು. ಆಮೇಲೆ ನನ್ನ ಕೆಟ್ಟ ನರಿಗಳಲ್ಲೊಂದು. ಅಪ್ಪನ ದನಿಯಿದ್ದ ಜಾಗದ ಮೇಲೇ ಅವು ಒಂದರ ಮೇಲೊಂದು ಬರೆದುಕೊಂಡು ಊಳಿಟ್ಟಿದ್ದವು.

ಅವಳು ತನ್ನ ಚೀಲದಿಂದ ಒಂದು ಸಣ್ಣ ಟೇಪ್ ರೆಕಾರ್ಡರು, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟಳು. "ಇದ್ನ ಕೇಳೋಣ ಅಂತಿದ್ದೆ ನಿನ್ನ. ಸ್ಪೀಕರ್ ಅತ್ರ ಇಟ್ಟು ತುಂಬ್ಕೊಡು, ಅವ್ವ ಊರಿಗ್ ತಗೊಂಡೋಗ್ಲಿ ಅಂತ. ನಮ್ಮನೇಲಿ ಅಪ್ಪಂದು ಒಂದು ಫೋಟೋ ಐತೆ, ವೋಟರ್ ಕಾರ್ಡ್ದು. ದನಿ ಇರ್ಲಿಲ್ಲ."

"ನೀನು ಬೈತೀಯ ಅಂದ್ಕೊಂಡೆ ಅಕ್ಕಾ. ಅವ್ವನಿಗೆ ಗೊತ್ತಾದರೆ..."

"ಅವ್ವಂಗೆ ಗೊತ್ತಿಲ್ಲ ಅಂದ್ಕಂಡ್ಯಾ? ಯಾರು ಮಾಡಿದ್ದು ಅಂತ ಮೆಟ್ಲಿಳಿಯೋವಾಗ್ಲೇ ಕೇಳಿದ್ಲು. ಆ ಉಡುಗಂಗೆ ದೃಷ್ಟಿ ತೆಗ್ಸು ಅಂದ್ಲು."

ನಾನು ಮೈಕು ಎಳೆದುಕೊಂಡೆ. ಈಗಲೇ ಮಾಡಿಕೊಡುತ್ತೇನೆ, ಅದೇ ಮಾತು, ಅದೇ ಕೆಮ್ಮು, ಎಷ್ಟು ಸಲ ಬೇಕಾದರೂ ಎಂದೆ. ಅವಳು ಬೇಡವೆನ್ನಲಿಲ್ಲ. ರೆಕಾರ್ಡರಿನ ಗುಂಡಿ ಒತ್ತಿ ಗಲ್ಲಕ್ಕೆ ಕೈಯಿಟ್ಟು ಕೂತಳು. ಮಾಡಿದೆ. ಎರಡನೆಯ ಸಲ ಇನ್ನೂ ಚೆನ್ನಾಗಿ ಮಾಡಿದೆ. ಮೂರನೆಯದರಲ್ಲಿ ಕೊನೆಯ ಅಕ್ಷರ ಏರಬೇಕಾದಷ್ಟೇ ಏರಿ, ನಿಲ್ಲಬೇಕಾದಲ್ಲೇ ನಿಂತಿತು. ಕಸುಬಿನವನಾಗಿ ಹೇಳುತ್ತೇನೆ, ಅದರಲ್ಲಿ ಒಂದು ತಪ್ಪ‌ನ್ನೂ ಹಿಡಿಯಲಾಗದು. ಅಕ್ಕ ಗುಂಡಿ ಒತ್ತಿ ಟೇಪು ನಿಲ್ಲಿಸಿದಳು.

"ಸಾಕು ಬಿಡ್ಲಾ. ಅವತ್ತು ನೀನು ನಮ್ಮಪ್ಪನ್ನ ಗೇಲಿ ಮಾಡ್ತಿದ್ದೆ, ಅದ್ಕೆ ಅವ್ನು ಬಂದ. ಇವತ್ತು ಮೂರು ಸಲಾನೂ ನೀನು ತಪ್ಪಾಯ್ತು ಅಂತಾನೇ ಏಳ್ದೆ. ನಮ್ಮಪ್ಪ ಯಾರತ್ರಾನೂ ಅಂಗಂದೋನಲ್ಲ."